ಬಾಬಿನ್ ದಾರ ಮುಗಿದಾಗ: ದಿನದ ಕೆಲಸದ ನಡುವೆ ದೇವರಿಗೆ ಕಿವಿಗೊಡುವುದು ಹೇಗೆ

ನಾನು ಬೆಟಗೇರಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮಷಿನ್, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಯ ಮೇಲೆ ನಮ್ಮ ಕ್ರೈಸ್ತ ಸಭೆಯ ಕ್ಯಾಲೆಂಡರ್. 22 ವರ್ಷದಿಂದ ಇದೇ ಕೆಲಸ.

ಹೋದ ತಿಂಗಳು ಸ್ತ್ರೀಯರ ಕೂಟಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು. "ಅಕ್ಕಾರ, ದೇವರು ನಡಸ್ತಾನ ಅಂತೀರಿ. ಅದು ಹೆಂಗ್ ಗೊತ್ತಾಗತೈತ್ರಿ?" ಅವತ್ತು ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಪ್ರಾರ್ಥನೆ ಮಾಡಮ್ಮ, ಗೊತ್ತಾಗುತ್ತೆ ಅಂದುಬಿಟ್ಟೆ. ಅವಳ ಮುಖ ನೋಡಿದರೆ ಅದು ಸಾಕಾಗಲಿಲ್ಲ ಅಂತ ತಿಳಿಯಿತು. ಅವಳಿಗೆ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಸೆಮಿನರಿಯಲ್ಲಿ ಓದಿದವಳಲ್ಲ ನಾನು. ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇನೆ.

ಮೊದಲು ನಾನು ತಪ್ಪಿದ್ದನ್ನು ಹೇಳಬೇಕು.

2014ರ ಹೊಸ ವರ್ಷದ ಆರಾಧನೆಯಲ್ಲಿ ಎಲ್ಲರಂತೆ ನಾನೂ ವಾಗ್ದಾನದ ಚೀಟಿ, ಅಂದರೆ ಬೈಬಲಿನ ಒಂದು ವಾಕ್ಯ ಬರೆದ ಚೀಟಿ ಎತ್ತಿದೆ. ಯೆಶಾಯ 54ನೇ ಅಧ್ಯಾಯದ ಮಾತು ಬಂತು. ನಿನ್ನ ಗುಡಾರದ ಜಾಗ ದೊಡ್ಡದು ಮಾಡು, ಹಗ್ಗ ಉದ್ದ ಮಾಡು ಅನ್ನುವ ವಾಕ್ಯ. ಅದೇ ವಾರ ಒಂದು ಶಾಲೆಯವರು ಬಂದು ಯೂನಿಫಾರ್ಮ್ ಹೊಲಿದುಕೊಡುತ್ತೀರಾ ಅಂತ ವಿಚಾರಿಸಿದ್ದರು. ನನಗೆ ಎರಡೂ ಕೂಡಿಬಂದ ಹಾಗೆ ಕಂಡಿತು. ದೇವರೇ ಅಂಗಡಿ ದೊಡ್ಡದು ಮಾಡು ಅನ್ನುತ್ತಿದ್ದಾನೆ ಅಂದುಕೊಂಡೆ. ಸಂಘದಲ್ಲಿ ಸಾಲ ತೆಗೆದು ಮೂರು ಮಷಿನ್ ಕೊಂಡೆ. ನನ್ನ ಗಂಡ, ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ತಗೋ ಅಂದರು. ವಾಕ್ಯವೇ ಬಂದಿದೆ, ಇನ್ನೇನು ಕಾಗದ ಅಂದೆ. ಜೂನ್ ಹೊತ್ತಿಗೆ ಆ ಆರ್ಡರ್ ಬೇರೆಯವರಿಗೆ ಹೋಯಿತು. ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಆ ಮೂರು ಮಷಿನ್ ಅರ್ಧ ಬೆಲೆಗೆ ಕೊಟ್ಟೆ.

ಆಮೇಲೆ ಒಂದು ದಿನ ಆ ಅಧ್ಯಾಯವನ್ನು ಪೂರ್ತಿ ಓದಿದೆ. ಅಲ್ಲಿ ದೇವರು ಮಾತಾಡುತ್ತಿರುವುದು ಮಕ್ಕಳಿಲ್ಲದ, ಗಂಡ ಬಿಟ್ಟ ಹೆಂಗಸಿನ ಹಾಗೆ ಒಂಟಿಯಾಗಿ ಕೂತಿದ್ದ ತನ್ನ ಜನರ ಜೊತೆ. ನಿನ್ನ ಮಕ್ಕಳು ವಾಪಸ್ ಬರುತ್ತಾರೆ, ಅವರಿಗೆ ಜಾಗ ಮಾಡು ಅನ್ನುತ್ತಿದ್ದಾನೆ. ಅದರಲ್ಲಿ ಯೂನಿಫಾರ್ಮ್ ಎಲ್ಲಿತ್ತು? ನಾನು ಕೇಳಿಸಿಕೊಂಡಿದ್ದು ದೇವರನ್ನಲ್ಲ. ನನ್ನ ಆಸೆಗೆ ದೇವರ ಸಹಿ ಹುಡುಕುತ್ತಿದ್ದೆ.

ವಾಗ್ದಾನದ ಚೀಟಿ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆಯ ಹಳೆಯ ಸಭೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯಿಂದ ಬೆಳೆದವು. ಆ ಜನ 1834ರಲ್ಲಿ ಮಂಗಳೂರಿಗೆ ಬಂದರು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು. ಜರ್ಮನ್ ಮಾತಾಡುವ ಅವರ ನಾಡುಗಳಲ್ಲಿ ದಿನಕ್ಕೊಂದು ವಾಕ್ಯ ಇಟ್ಟುಕೊಳ್ಳುವ ಪದ್ಧತಿ ಹಳೆಯದು. ಹೆರ್ನ್‌ಹುಟ್ ಅನ್ನುವ ಊರಿನ ಮೊರಾವಿಯನ್ ಸಭೆ 1731ರಿಂದ ಪ್ರತಿವರ್ಷ ಅಂಥ ವಾಕ್ಯಗಳ ಪುಸ್ತಕ ಅಚ್ಚು ಹಾಕಿಸುತ್ತಿದೆ. ಆ ವಾಕ್ಯಗಳನ್ನು ಆರಿಸುವುದೂ ಚೀಟಿ ಎತ್ತಿಯೇ. ಆದರೆ ಅದೇ ಸಭೆಯವರು ಒಂದು ಕಾಲದಲ್ಲಿ ಯಾರಿಗೆ ಯಾರನ್ನು ಮದುವೆ ಮಾಡಬೇಕು ಅನ್ನುವುದಕ್ಕೂ ಚೀಟಿ ಎತ್ತುತ್ತಿದ್ದರು. ಮುಂದೆ ಅದನ್ನು ಬಿಟ್ಟರು. ವಾಕ್ಯದ ಪದ್ಧತಿ ಮಾತ್ರ ಉಳಿದುಕೊಂಡಿತು. ನನಗೆ ಇದರಲ್ಲಿ ಒಂದು ಬುದ್ಧಿ ಕಾಣುತ್ತದೆ. ದಿನದ ವಾಕ್ಯ ಊಟ ಇದ್ದ ಹಾಗೆ. ಅದನ್ನು ತಿಂದು ಬೆಳೆಯಬೇಕು. ಅದನ್ನೇ ಆರ್ಡರ್ ಚೀಟಿ ಅಂದುಕೊಂಡರೆ ನನಗಾದ ಹಾಗೇ ಆಗುತ್ತದೆ.

ಬೆಳಿಗ್ಗೆ

ಫೋನ್ ಮುಟ್ಟುವ ಮುಂಚೆ ವಾಕ್ಯ. ಇದೊಂದರಲ್ಲಿ ನಾನು ರಾಜಿಯಾಗುವುದಿಲ್ಲ. ಮುಂಜಾನೆ ಒಂದು ಸಲ ವಾಟ್ಸಾಪ್ ನೋಡಿದರೆ, ಬ್ಲೌಸ್ ಆಯ್ತಾ ಅಂತ ಆರು ಮಂದಿ ಕೇಳಿರುತ್ತಾರೆ. ಆಮೇಲೆ ಕಣ್ಣು ಪುಟದ ಮೇಲೆ ಇದ್ದರೂ ಮನಸ್ಸು ಮೇಜಿನ ಹತ್ತಿರ ಇರುತ್ತದೆ.

ಓದುವಾಗ ಬೈಬಲ್ ಎಲ್ಲೋ ತೆರೆದು ಎಲ್ಲೋ ಬೆರಳಿಡಬೇಡಿ. ಅದರ ಒಂದು ಪುಸ್ತಕ ಹಿಡಿದು ಸಾಲಾಗಿ ಓದಿ. ಹೊಸಬರಿಗೆ ನಾನು ಮಾರ್ಕನ ಸುವಾರ್ತೆ ಹೇಳುತ್ತೇನೆ. 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಓದಿದರೆ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಸಾಲಾಗಿ ಓದುವುದರ ಲಾಭ ಏನೆಂದರೆ, ನಮಗೆ ಬೇಕಾದ ವಾಕ್ಯ ಆರಿಸಲು ಆಗುವುದಿಲ್ಲ. ನಾನು ಒಬ್ಬರ ಮೇಲೆ ಸಿಟ್ಟು ಮಾಡಿಕೊಂಡು ಕೂತ ದಿನವೇ ಕ್ಷಮಿಸುವ ಮಾತು ಎದುರಿಗೆ ಬಂದು ನಿಂತಿದೆ. ನಾನಾಗಿ ಹುಡುಕಿದ್ದರೆ ಆ ಪುಟ ತೆಗೆಯುತ್ತಲೇ ಇರಲಿಲ್ಲ.

ಓದಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ. ಇಲ್ಲಿ ಯೇಸು ಏನು ಮಾಡಿದ? ನನಗೇನು ಸಿಗುತ್ತೆ ಅಂತ ಮೊದಲೇ ಕೇಳುವುದಿಲ್ಲ. ಆತನ ಗುಣ ತಿಳಿದರೆ ಆತನ ಮಾತು ಯಾವುದು, ಯಾವುದಲ್ಲ ಅಂತ ತಾನಾಗಿ ತಿಳಿಯುತ್ತಾ ಬರುತ್ತದೆ. 20 ವರ್ಷ ಜೊತೆಗಿದ್ದ ಗಂಡ ಹೇಳಿಕಳಿಸಿದ್ದಾರೆ ಅಂತ ಯಾರಾದರೂ ಬಂದು ಏನಾದರೂ ಹೇಳಿದರೆ, ಇದು ಅವರು ಆಡುವ ಮಾತಲ್ಲ ಅಂತ ನನಗೆ ಗೊತ್ತಾಗುತ್ತದೆ, ಅಲ್ವಾ? ಹಾಗೆ.

ಓದಿದ್ದರಲ್ಲಿ ಒಂದು ಸಾಲು ಬರೆದಿಡುತ್ತೇನೆ. ಅದಕ್ಕೆ ಬೇರೆ ಪುಸ್ತಕ ಇಲ್ಲ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟದಿಂದ ಬರೆಯುತ್ತಾ ಬರುತ್ತೇನೆ. ಮುಂದಿನಿಂದ ಅಳತೆ, ಹಿಂದಿನಿಂದ ವಾಕ್ಯ. ಕಣ್ಣಿಗೆ ಬೀಳುವ ಜಾಗದಲ್ಲಿ ಇದ್ದರೆ ಮಾತ್ರ ಅದು ದಿನವಿಡೀ ಜೊತೆಗಿರುತ್ತದೆ.

ಕೆಲಸದ ನಡುವೆ

ಇಲ್ಲೇ ನನಗೆ ಜಾಸ್ತಿ ಹೇಳುವುದಿದೆ. ಯಾಕೆಂದರೆ ನಮ್ಮಲ್ಲಿ ತುಂಬಾ ಜನ ಬೆಳಿಗ್ಗೆ ಪ್ರಾರ್ಥನೆ ಮಾಡಿ, ದೇವರನ್ನು ಕೋಣೆಯಲ್ಲೇ ಬಿಟ್ಟು ಕೆಲಸಕ್ಕೆ ಬರುತ್ತೇವೆ.

ನೆಹೆಮೀಯನ ಪುಸ್ತಕದ 2ನೇ ಅಧ್ಯಾಯ ಓದಿ ನೋಡಿ. ಅವನು ಪರ್ಷಿಯಾದ ಅರಸನಿಗೆ ದ್ರಾಕ್ಷಾರಸ ಕೊಡುವ ಕೆಲಸದವನು. ಅರಸ, ನಿನಗೆ ಏನು ಬೇಕು ಅಂತ ಕೇಳುತ್ತಾನೆ. ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟ ಅಂತ ಬರೆದಿದೆ. ಅರಸನ ಎದುರು ಮೊಣಕಾಲೂರಿ ಕೂರಲು ಆಗುತ್ತದೆಯೇ? ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಉಸಿರು. ಅಷ್ಟೇ ಪ್ರಾರ್ಥನೆ. ಹೌದು, ಅದಕ್ಕೂ ಮುಂಚೆ ಅವನು ಎಷ್ಟೋ ದಿನ ಉಪವಾಸ ಇದ್ದು ಬೇಡಿಕೊಂಡಿದ್ದ. ಆ ದೊಡ್ಡ ಪ್ರಾರ್ಥನೆ ಇದ್ದದ್ದರಿಂದ ಈ ಚಿಕ್ಕದು ಬಾಯಿಗೆ ಬಂತು.

ನಾನು ಅದನ್ನು ಬಾಬಿನ್‌ಗೆ ಕಟ್ಟಿಕೊಂಡಿದ್ದೇನೆ. ಬಾಬಿನ್ ದಾರ ಮುಗಿದಾಗ ಮಷಿನ್ ನಿಲ್ಲಿಸಲೇಬೇಕು. ಹೊಸದಾಗಿ ದಾರ ಸುತ್ತುವ ಆ ಅರ್ಧ ನಿಮಿಷ, "ಕರ್ತನೇ, ಇಲ್ಲಿದ್ದೇನೆ. ಏನಾದರೂ ಹೇಳುವುದಿದೆಯಾ?" ಅನ್ನುತ್ತೇನೆ. ಬೇರೇನೂ ಬೇಡುವುದಿಲ್ಲ. ನಿಮ್ಮ ಕೆಲಸದಲ್ಲೂ ಇಂಥದ್ದು ಒಂದು ಇದ್ದೇ ಇರುತ್ತದೆ. ಹಾಲು ಉಕ್ಕುವುದನ್ನು ಕಾಯುವ ಹೊತ್ತು. ಬಸ್ ಸ್ಟಾಪು. ಕಂಪ್ಯೂಟರ್ ಆನ್ ಆಗುವ ತನಕ. ಹೊಸ ಸಮಯ ಹುಡುಕಬೇಡಿ, ಸಿಗುವುದಿಲ್ಲ. ಈಗಾಗಲೇ ನಿಲ್ಲುವ ಜಾಗ ಯಾವುದು ನೋಡಿ, ಅಲ್ಲಿ ಕಟ್ಟಿ.

ಹತ್ತು ಸಲ ಕೇಳಿದರೆ ಎಂಟು ಸಲ ಏನೂ ಇರುವುದಿಲ್ಲ. ಮುಂದಿನ ತೋಳು ಜೋಡಿಸುತ್ತೇನೆ. ಒಂದೆರಡು ಸಲ ಮಾತ್ರ ಮನಸ್ಸಿಗೆ ಯಾರದೋ ಮುಖ ಬರುತ್ತದೆ. ಅಥವಾ ಬೆಳಿಗ್ಗೆ ಓದಿದ ಸಾಲು. ಅಥವಾ ಮಾಡಿದ್ದೊಂದು ಸರಿಯಿಲ್ಲ ಅನ್ನುವ ಭಾವನೆ. ದಾರ ಎಲ್ಲೋ ಸಿಕ್ಕಿಕೊಂಡರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದಲ್ಲ, ಬಟ್ಟೆ ಒಂಚೂರು ಎಳೆಯುತ್ತದೆ. ಅಂಥ ಎಳೆತ. ಕೇಳುವುದನ್ನು ಕಲಿಯುವುದು ಅಂದರೆ ಈ ಎಳೆತವನ್ನು ಗುರುತಿಸುವುದು ಅಂತ ನಾನು ನಂಬಿದ್ದೇನೆ.

ಆಸ್ತಿ ಪಾಲಾದ ಮೇಲೆ ನನ್ನ ನೆಗೆಣ್ಣಿಗೂ ನನಗೂ ಎರಡು ವರ್ಷ ಮಾತಿರಲಿಲ್ಲ. ಒಂದು ಮಧ್ಯಾಹ್ನ ದಾರ ಸುತ್ತುವಾಗ ಅವಳ ಮುಖ ಬಂತು. ಫೋನ್ ಮಾಡು ಅನ್ನಿಸಿತು. ಮಾಡಲಿಲ್ಲ. ಸಂಜೆ ಮತ್ತೆ. ಮಾಡಲಿಲ್ಲ. ಮರುದಿನ ಮಾರ್ಕ 11ರಲ್ಲಿ, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿರಿ ಅನ್ನುವ ಮಾತಿಗೆ ಬಂದೆ. ಓದುತ್ತಾ ಓದುತ್ತಾ ಅಲ್ಲಿಗೆ ಬಂದಿದ್ದು, ಹುಡುಕಿಕೊಂಡು ಹೋಗಿದ್ದಲ್ಲ. ಫೋನ್ ಮಾಡಿದೆ. ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. "ಅಕ್ಕಾ, ನಾನು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಂಡೇನವಾ?" ಅಂದಳು. ಅಷ್ಟೇ ಕೇಳಿದಳು. ಆಮೇಲೆ ಇಬ್ಬರೂ ಅತ್ತೆವು.

ಎಲ್ಲ ಸಲ ಹೀಗಾಗುತ್ತದೆ ಅಂತ ತಿಳಿಯಬೇಡಿ. ಇನ್ನೊಂದು ದಿನ ಹಳೆಯ ಗಿರಾಕಿಯೊಬ್ಬರ ನೆನಪು ಬಲವಾಗಿ ಬಂತು. ಅವರ ಬ್ಲೌಸ್ ಮುಗಿಸಿ ನಾನೇ ಮನೆಗೆ ತೆಗೆದುಕೊಂಡು ಹೋದೆ. ಬೀಗ ಹಾಕಿತ್ತು. ಯಾಕೆ ಹೋಗಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ. ಹೋಗಿದ್ದಕ್ಕೆ ಬೇಸರ ಇಲ್ಲ. ಒಳ್ಳೆಯದು ಮಾಡಲು ಹೋಗಿ ತಪ್ಪಾದರೆ ನಷ್ಟ ಅರ್ಧ ಗಂಟೆ. ಆ ಎಳೆತವನ್ನು ಸುಮ್ನೆ ತಳ್ಳುತ್ತಾ ಬಂದರೆ ಕೈಗೆ ಆ ಸೂಕ್ಷ್ಮವೇ ಹೋಗಿಬಿಡುತ್ತದೆ.

ಹಾಗಾಗಿ ಚಿಕ್ಕ ಮಾತುಗಳನ್ನು ಅದೇ ದಿನ ಮಾಡಿ. ಕ್ಷಮೆ ಕೇಳುವುದು, ಜಾಸ್ತಿ ತೆಗೆದುಕೊಂಡ ದುಡ್ಡು ವಾಪಸ್ ಕೊಡುವುದು, ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದು. ಇದಕ್ಕೆಲ್ಲ ದೇವರ ಚಿತ್ತ ಏನು ಅಂತ ಉಪವಾಸ ಕೂರಬೇಕಾಗಿಲ್ಲ. ಆತ ಮೊದಲೇ ಹೇಳಿಯಾಗಿದೆ.

ಇದು ಯಾರ ಸ್ವರ?

ಸಮುವೇಲನ ಕಥೆ ಎಲ್ಲರಿಗೂ ಗೊತ್ತು. ದೇವರು ಕರೆದಾಗ ಹುಡುಗ ಮೂರು ಸಲ ಎದ್ದು ಮುದಿ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ನನಗೆ ಅದರಲ್ಲಿ ಒಂದು ಮಾತು ಬಹಳ ಹಿಡಿಸುತ್ತದೆ. ದೇವರ ಸ್ವರ ಅವನಿಗೆ ಗುಡುಗಿನ ಹಾಗೆ ಕೇಳಿಸಲಿಲ್ಲ. ಮನೆಯ ಅಜ್ಜ ಕರೆದ ಹಾಗೆ ಕೇಳಿಸಿತು. ಅದಕ್ಕೇ ಗುರುತು ಸಿಗಲಿಲ್ಲ. ಅದು ದೇವರ ಸ್ವರ ಅಂತ ತಿಳಿಸಿಕೊಟ್ಟಿದ್ದು ಕಣ್ಣು ಮಂಜಾದ ಒಬ್ಬ ಮುದುಕ. ನಮಗೂ ಅಂಥ ಒಬ್ಬ ಹಿರಿಯರು ಬೇಕು.

ನನ್ನ ಮನಸ್ಸಿನೊಳಗೆ ಮೂರು ಸ್ವರ ಇವೆ. ಭಯದ ಸ್ವರ ಅವಸರ ಮಾಡುತ್ತದೆ. ಈಗಲೇ ಮಾಡು, ಇಲ್ಲದಿದ್ದರೆ ಕೆಟ್ಟದ್ದಾಗುತ್ತೆ ಅನ್ನುತ್ತದೆ. ಆಸೆಯ ಸ್ವರ ಲೆಕ್ಕ ಹಾಕುತ್ತದೆ, ಬೇರೆಯವರಿಗೆ ತೋರಿಸುವುದನ್ನು ಕಲ್ಪಿಸಿಕೊಳ್ಳುತ್ತದೆ. 2014ರಲ್ಲಿ ನಾನು ಹೊಸ ಬೋರ್ಡಿನ ಬಣ್ಣ ಕೂಡ ಯೋಚಿಸಿದ್ದೆ. ದೇವರ ಎಳೆತ ಇವೆರಡರ ಹಾಗಲ್ಲ. ಅದು ತಳ್ಳುವುದಿಲ್ಲ, ಆದರೆ ಬಿಡುವುದೂ ಇಲ್ಲ. ನಾಳೆ ನೋಡಿದರೂ ಅಲ್ಲೇ ಇರುತ್ತದೆ. ತಪ್ಪು ತೋರಿಸಿದರೂ ಇಂಥದ್ದು ತಪ್ಪು ಅಂತ ಬೆರಳಿಟ್ಟು ತೋರಿಸುತ್ತದೆ. ನೀನು ಯಾವುದಕ್ಕೂ ಬರುವವಳಲ್ಲ ಅಂತ ಮೇಲಿಂದ ಮೇಲೆ ಬಡಿಯುವ ಮಾತು ಆತನದಲ್ಲ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಮಾತ್ರೆ ನಿಲ್ಲಿಸು, ನಿನಗೆ ನೀನೇ ಕೇಡು ಮಾಡಿಕೋ, ಮನೆಯವರಿಗೆ ಕೇಡು ಮಾಡು ಅಂತ ಸ್ವರ ಕೇಳಿಸಿದರೆ ಅದೇ ದಿನ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಸಭಾಪಾಲಕರಿಗೂ ತಿಳಿಸಿ. ಡಾಕ್ಟರ ಹತ್ತಿರ ಹೋಗುವುದು ನಂಬಿಕೆ ಕಡಿಮೆಯಾದ ಗುರುತಲ್ಲ. ಇನ್ನೊಂದು, ದೇವರು ನನಗೆ ಹೇಳಿದ್ದಾನೆ, ನೀನು ಇಂಥವನನ್ನು ಮದುವೆಯಾಗು, ಇಷ್ಟು ಕಾಣಿಕೆ ಕೊಡು ಅಂತ ಯಾರಾದರೂ ಬಂದರೆ ಹೆದರಬೇಡಿ. ಆತ್ಮನನ್ನು ನಂದಿಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಅಂತ ಪೌಲ ಥೆಸಲೋನಿಕದವರಿಗೆ ಬರೆದಿದ್ದಾನೆ. ಪರೀಕ್ಷೆ ಮಾಡುವುದು ಅವಿಶ್ವಾಸ ಅಲ್ಲ. ನಿಮ್ಮ ಹತ್ತಿರ ಮಾತಾಡಬೇಕಾದ್ದನ್ನು ದೇವರು ನಿಮಗೂ ತಿಳಿಸಬಲ್ಲ.

ದೊಡ್ಡ ತೀರ್ಮಾನ ಬಂದಾಗ

ಗುಳೇದಗುಡ್ಡದ ಖಣ ನೋಡಿದ್ದೀರಾ? ಎರಡು ಕಡೆ ದಡಿ, ಪನ್ನ ಅಂದರೆ ಅಗಲ ಸಣ್ಣದು. ಒಂದು ಖಣದಲ್ಲಿ ಒಂದೇ ಕುಪ್ಪಸ ಆಗುತ್ತದೆ. ಕತ್ತರಿ ತಪ್ಪಿದರೆ ಕೂಡಿಸಲು ಬಟ್ಟೆ ಉಳಿಯುವುದಿಲ್ಲ. "ಅಕ್ಕಾರ, ನಾಳಿಗೇ ಬೇಕ್ರಿ, ಮದುವಿ ಐತಿ" ಅಂತ ಎಷ್ಟೇ ಅವಸರ ಮಾಡಿದರೂ ಖಣಕ್ಕೆ ನಾನು ಎರಡು ಸಲ ಅಳತೆ ಹಿಡಿಯದೆ ಕತ್ತರಿ ಹಾಕುವುದಿಲ್ಲ. ಆದರೆ ಸೊಂಟದ ಕಡೆ ಬಿಗಿಯೋ ಸಡಿಲವೋ ಅನುಮಾನ ಇದ್ದರೆ ಯೋಚಿಸುತ್ತಾ ಕೂರುವುದಿಲ್ಲ. ಕಚ್ಚಾ ಹೊಲಿಗೆ ಹಾಕಿ, ಹಾಕಿಕೊಂಡು ನೋಡಿ ಅನ್ನುತ್ತೇನೆ. ಬಿಚ್ಚಿದರೆ ನಷ್ಟವಿಲ್ಲ.

ತೀರ್ಮಾನಗಳೂ ಹೀಗೆ ಎರಡು ತರ. ಸಂಡೇ ಸ್ಕೂಲಿನಲ್ಲಿ ಕಲಿಸಲಾ, ಈ ಕೋರ್ಸ್ ಸೇರಲಾ ಅನ್ನುವಂಥವು ಕಚ್ಚಾ ಹೊಲಿಗೆಯವು. ಪ್ರಾರ್ಥನೆ ಮಾಡಿ ಶುರು ಮಾಡಿ, ಮೂರು ತಿಂಗಳು ನೋಡಿ. ಮದುವೆ, ದೊಡ್ಡ ಸಾಲ, ಮನೆ ಮಾರುವುದು, ಊರು ಬಿಡುವುದು ಕತ್ತರಿಯವು. ಅಲ್ಲಿ ಅವಸರ ಬೇಡವೇ ಬೇಡ. ನಮ್ಮ ಜನ ಇದನ್ನು ಉಲ್ಟಾ ಮಾಡುವುದನ್ನು ನೋಡಿದ್ದೇನೆ. ಚಿಕ್ಕದಕ್ಕೆ ವರ್ಷಗಟ್ಟಲೆ ಗುರುತು ಕೇಳುತ್ತಾರೆ, ದೊಡ್ಡದನ್ನು ಒಂದು ಚೀಟಿಯ ಮೇಲೆ ಮುಗಿಸುತ್ತಾರೆ.

ಗುರುತು ಕೇಳುವ ಬಗ್ಗೆ ಒಂದು ಮಾತು. ಗಿದ್ಯೋನ ಯುದ್ಧಕ್ಕೆ ಹೋಗುವ ಮುಂಚೆ ಕುರಿಯ ತುಪ್ಪಟ ಹಾಸಿ, ಮಂಜು ಅದರ ಮೇಲೆ ಮಾತ್ರ ಬೀಳಲಿ ಅಂತ ಗುರುತು ಕೇಳಿದ್ದನ್ನು ಎಲ್ಲರೂ ಹೇಳುತ್ತಾರೆ. ಆದರೆ ತುಪ್ಪಟ ಹಾಸುವ ಮೊದಲೇ ದೇವರು ಅವನಿಗೆ ಹೋಗು ಅಂತ ಸ್ಪಷ್ಟವಾಗಿ ಹೇಳಿಯಾಗಿತ್ತು. ಅವನು ಹೆದರಿದ್ದ, ದೇವರು ತಾಳಿಕೊಂಡ. ನನಗೆ ಅಬ್ರಹಾಮನ ಆಳಿನ ಪ್ರಾರ್ಥನೆ ಹೆಚ್ಚು ಇಷ್ಟ. ಆದಿಕಾಂಡ 24ರಲ್ಲಿದೆ. ಅವನು ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಹೋಗಿದ್ದ. ಬಾವಿಯ ಹತ್ತಿರ ನಿಂತು ಅವನು ಆಕಾಶದಲ್ಲಿ ಏನೂ ಕೇಳಲಿಲ್ಲ. ನನಗೂ ನೀರು ಕೊಟ್ಟು ನನ್ನ ಒಂಟೆಗಳಿಗೂ ನೀರು ಸೇದುತ್ತೇನೆ ಅನ್ನುವ ಹುಡುಗಿ ಸಿಗಲಿ ಅಂದ. ಅವನ ಹತ್ತಿರ 10 ಒಂಟೆ ಇದ್ದವು. ಅಷ್ಟಕ್ಕೆ ನೀರು ಸೇದುವುದು ಎಷ್ಟು ಕಷ್ಟ! ಅವನು ಕೇಳಿದ್ದು ಗುಣವನ್ನು. ಹುಡುಗ ಅಥವಾ ಹುಡುಗಿ ನೋಡುವವರು ಕಾರಿನ ಬಣ್ಣದ ಗುರುತು ಕೇಳುವ ಬದಲು ಇದನ್ನು ಕೇಳಿ.

ಆಮೇಲೆ ಇಬ್ಬರನ್ನು ಕೇಳಿ. ಒಬ್ಬರು ನಿಮ್ಮನ್ನು ಪ್ರೀತಿಸುವವರು, ಇನ್ನೊಬ್ಬರು ಬೇಡ ಅನ್ನಲು ಹೆದರದವರು. ನನ್ನ ಮನೆಯಲ್ಲಿ ಅವರಿಬ್ಬರೂ ಒಬ್ಬರೇ ಆಗಿದ್ದರು, ಆದರೂ ಕೇಳಲಿಲ್ಲ. ಅಪೊಸ್ತಲರ ಕೃತ್ಯಗಳು ಪುಸ್ತಕದ ಮೊದಲ ಅಧ್ಯಾಯದಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಅಪೊಸ್ತಲರು ಮತ್ತೀಯನನ್ನು ಚೀಟಿ ಹಾಕಿ ಆರಿಸಿದರು. ಮುಂದಿನ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದು ಬರುತ್ತಾನೆ. ಅಲ್ಲಿಂದ ಮುಂದೆ ಆ ಪುಸ್ತಕದಲ್ಲಿ ಅವರು ಚೀಟಿ ಹಾಕುವುದು ಕಾಣುವುದಿಲ್ಲ. 15ನೇ ಅಧ್ಯಾಯದಲ್ಲಿ ದೊಡ್ಡ ಜಗಳದ ವಿಷಯ ಬಂದಾಗ ಎಲ್ಲರೂ ಕೂತು ವಾದ ಮಾಡಿ, ಕೇಳಿಸಿಕೊಂಡು, ಕೊನೆಗೆ ಪವಿತ್ರಾತ್ಮನಿಗೂ ನಮಗೂ ಹೀಗೆ ಸರಿ ಕಂಡಿತು ಅಂತ ಬರೆದು ಕಳಿಸಿದರು. ಎಂಥ ಧೈರ್ಯದ ಮಾತು! ಕೂತು ಮಾತಾಡುವುದೂ ದೇವರು ನಡೆಸುವ ದಾರಿಯೇ.

ಇಗ್ನೇಷಿಯಸ್ ಲೊಯೋಲಾ ಹೇಳಿದ ಒಂದು ಬುದ್ಧಿಮಾತನ್ನು ಕಥೋಲಿಕ ಸಿಸ್ಟರ್ ಒಬ್ಬರು ಕುಪ್ಪಸ ಹೊಲಿಸಲು ಬಂದ ತಂಗಿಯ ಜೊತೆ ಕೂತಿದ್ದಾಗ ನನಗೆ ಹೇಳಿದರು. ಇಗ್ನೇಷಿಯಸ್ 1521ರಲ್ಲಿ ಪಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ತಿಂಗಳುಗಟ್ಟಲೆ ಮಲಗಿದ್ದ ಸಿಪಾಯಿ. ಯಾವ ಯೋಚನೆ ಹೋದ ಮೇಲೆ ಮನಸ್ಸು ಒಣಗುತ್ತದೆ, ಯಾವುದರ ನಂತರ ಸಂತೋಷ ಉಳಿಯುತ್ತದೆ ಅಂತ ಮಲಗಿದಲ್ಲೇ ಗಮನಿಸಿದ. ಮನಸ್ಸು ಕತ್ತಲಾಗಿರುವಾಗ ಮೊದಲು ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡ ಅಂತ ಮುಂದೆ ಬರೆದ. ನಮ್ಮ ಸಭೆ ಬೇರೆಯಾದರೂ ಆ ಮಾತು ನನಗೆ ಎಷ್ಟೋ ಸಲ ಆಸರೆಯಾಗಿದೆ. ಅಳು ಬಂದ ರಾತ್ರಿ ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ.

ಏನೂ ಕೇಳಿಸದಿದ್ದರೆ

ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲ ಏಷ್ಯಾ ಸೀಮೆಯಲ್ಲಿ ಸಾರಲು ಹೊರಟ, ಆತ್ಮನು ತಡೆದ. ಬಿಥೂನ್ಯಕ್ಕೆ ಹೋಗಲು ನೋಡಿದ, ಅಲ್ಲೂ ತಡೆ. ಎಲ್ಲಿಗೆ ಹೋಗಬೇಕು ಅಂತ ಆಗ ಯಾರೂ ಹೇಳಲಿಲ್ಲ. ಅವನು ಮುಂದೆ ನಡೆಯುತ್ತಾ ತ್ರೋವಕ್ಕೆ ಬಂದ. ಮಕೆದೋನ್ಯಕ್ಕೆ ಬಾ ಅಂತ ಕರೆಯುವ ಮನುಷ್ಯನ ದರ್ಶನ ಅಲ್ಲಿ ಆಯಿತು. ಆ ನಡುವಿನ ದಾರಿಯಲ್ಲಿ ಎಷ್ಟು ದಿನ ಅವನಿಗೆ ಬೇಡ ಅನ್ನುವುದು ಮಾತ್ರ ಗೊತ್ತಿತ್ತು, ಬೇಕು ಅನ್ನುವುದು ಗೊತ್ತಿರಲಿಲ್ಲ!

ಅಂಥ ದಿನಗಳಲ್ಲಿ ನಾನು ಅಳತೆ ಪುಸ್ತಕದ ಹಿಂದಿನ ಪುಟ ತಿರುವಿ, ಕೊನೆಯದಾಗಿ ಸ್ಪಷ್ಟವಾಗಿ ತಿಳಿದದ್ದು ಏನು ಅಂತ ನೋಡುತ್ತೇನೆ. ಅದನ್ನು ಮಾಡಿದ್ದೇನಾ? ಮಾಡದಿದ್ದರೆ ಅದನ್ನೇ ಮಾಡುತ್ತೇನೆ. ರಾತ್ರಿ ಮಷಿನ್‌ಗೆ ಬಟ್ಟೆ ಮುಚ್ಚಿದ ಮೇಲೆ ಐದು ನಿಮಿಷ ಆ ದಿನವನ್ನು ಬೆಳಿಗ್ಗೆಯಿಂದ ನೆನೆಯುತ್ತೇನೆ. ಎಲ್ಲಿ ಎಳೆತ ಇತ್ತು, ಎಲ್ಲಿ ತಳ್ಳಿದೆ, ಯಾವುದಕ್ಕೆ ಸ್ತೋತ್ರ ಹೇಳಬೇಕು. ಎಷ್ಟೋ ಸಲ ಆಗಿನ ಹೊತ್ತಿನಲ್ಲಿ ಕಾಣದೇ ಇದ್ದದ್ದು ರಾತ್ರಿ ಕಾಣುತ್ತದೆ.

ಈಗ ನಮ್ಮ ಮನೆಯಲ್ಲೂ ಒಂದು ಕತ್ತರಿಯ ವಿಷಯ ಇದೆ. ಮಗಳಿಗೆ ಪುಣೆಯಲ್ಲಿ ಕೆಲಸದ ಮಾತು ಬಂದಿದೆ. ನನ್ನ ಮನಸ್ಸು ಬೇಡ ಅನ್ನುತ್ತದೆ, ಆದರೆ ಅದು ಭಯದ ಸ್ವರ ಅಂತ ನನಗೆ ಗೊತ್ತು, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮುಂದಿನ ವಾರ ಅವಳು, ಅವಳ ಅಪ್ಪ ಇಬ್ಬರೂ ಹೋಗಿ ಮೂರು ದಿನ ಇದ್ದು, ಉಳಿಯುವ ಜಾಗ, ಹತ್ತಿರದ ಸಭೆ ಎಲ್ಲ ನೋಡಿ ಬರುತ್ತಾರೆ. ಅದು ಕಚ್ಚಾ ಹೊಲಿಗೆ. ಹಿಂದಿನ ಪುಟದಲ್ಲಿ ಅವಳ ಹೆಸರು ಬರೆದು, ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ.